ಟಾಪಿನ ಮೇಲೆ ಎರಡು ಸೈಕಲ್ಲು

ನಮ್ಮ ಮನೆ ಕಾರಿನ ಟಾಪಿನ ಮೇಲೆ ಯಾವತ್ತೂ ಏನನ್ನೂ ಕಟ್ಟಿದ್ದಿಲ್ಲ. ಹಾಸಿಗೆ ಕಟ್ಟಿಲ್ಲ, ಬಾಳೆಕಂಬ ಕಟ್ಟಿಲ್ಲ. ಅತ್ತೆಯ ಮದುವೆಗೆ ಬೀರು ತರುವಾಗಲೂ ಬೇರೆ ಟೆಂಪೊ ಮಾಡಿದರಂತೆ. ಆಯುಧಪೂಜೆಯ ದಿನ ಬಾನೆಟ್ಟಿಗೆ ಹಾರ ಹಾಕಿ, ಗಾಲಿಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದರೂ ಟಾಪಿಗೆ ಮಾತ್ರ ಸೇವಂತಿಗೆಯ ಒಂದು ಎಸಳನ್ನೂ ಸೋಕಿಸುವುದಿಲ್ಲ. ಯಾಕೆ ಅಂತ ಕೇಳಿದರೆ ಅಪ್ಪನದು ಒಂದೇ ಮಾತು: “ಅಮ್ಮಂಗೆ ಆಗಲ್ಲ.”

ಅಮ್ಮ ಅಂದರೆ ಅವನ ಅಮ್ಮ, ನಮ್ಮಜ್ಜಿ ಮುನಿಗಂಗಮ್ಮ. ತಾತ ಚಿಕ್ಕಹನುಮಯ್ಯ ಸತ್ತಾಗ ಹೆಣವನ್ನು ಸಿಟಿಯ ಆಸ್ಪತ್ರೆಯಿಂದ ಬಾಗಲೂರಿಗೆ ಅಂಬಾಸಿಡರ್ ಕಾರಿನ ಮೇಲೆ ಕಟ್ಟಿಕೊಂಡು ಬಂದರು. ನಾನು ಹುಟ್ಟುವುದಕ್ಕೂ ಎಷ್ಟೋ ಮೊದಲಿನ ಮಾತು. ಅವತ್ತಿನಿಂದ ಟಾಪಿನ ಮೇಲೆ ಕಟ್ಟುವುದು ಹೆಣ ಮಾತ್ರ ಅಂತ ನಮ್ಮ ಮನೆಯಲ್ಲಿ ತೀರ್ಮಾನವಾಗಿದೆ. ತೀರ್ಮಾನ ಮಾಡಿದ್ದು ಯಾರು ಅಂತ ಯಾರೂ ಕೇಳಿಲ್ಲ. ನಮ್ಮ ಮನೆಯಲ್ಲಿ ಕೇಳುವ ಪದ್ಧತಿ ಇಲ್ಲ.

ಹೀಗಿರುವಾಗ ನನ್ನ ತಂಗಿ ಶಾಂತಲಾಳ ಸೈಕಲ್ಲನ್ನು ಗದಗಕ್ಕೆ ಒಯ್ಯಬೇಕಾಗಿ ಬಂತು.

ಶಾಂತಲಾ ಸೆಕೆಂಡ್ ಪಿಯು ಓದುತ್ತಾಳೆ. ಊರು ಏಳುವ ಮೊದಲೇ ಎದ್ದು ಏರ್‌ಪೋರ್ಟಿನ ಹಿಂದಿನ ರಸ್ತೆಯಲ್ಲಿ ಸೈಕಲ್ ತುಳಿಯುತ್ತಾಳೆ. ಜೊತೆಗೆ ಆರ್.ಟಿ. ನಗರದಿಂದ ಅವಳ ಗೆಳತಿ ಕುಬ್ರಾ ಬರುತ್ತಾಳೆ. ಒಬ್ಬಳು ಮುಂದೆ ಗಾಳಿ ಸೀಳುತ್ತಾಳೆ, ಇನ್ನೊಬ್ಬಳು ಅವಳ ಬೆನ್ನಿಗೆ ಅಂಟಿಕೊಂಡು ಬರುತ್ತಾಳೆ, ಸ್ವಲ್ಪ ದೂರಕ್ಕೆ ಅದಲುಬದಲು. ಇಬ್ಬರೂ ಜಿಲ್ಲೆಯಲ್ಲಿ ಗೆದ್ದು ರಾಜ್ಯ ತಂಡದ ಆಯ್ಕೆಗೆ ಬಂದಿದ್ದರು. ಆಯ್ಕೆ ಗದಗದಲ್ಲಿ. ಶಾಂತಲಾಳ ವಯಸ್ಸಿಗೆ ಇದು ಕೊನೆಯ ವರ್ಷ. ಈ ಸಲ ಆಗದಿದ್ದರೆ ಸೈಕಲ್ ಮಾರಿ ಸುಮ್ಮನೆ ಕಾಲೇಜಿಗೆ ಹೋಗಬೇಕು ಅಂತ ಅಪ್ಪ ಹೇಳಿಬಿಟ್ಟಿದ್ದ. ಅಪ್ಪ ಹೇಳಿದ ಮೇಲೆ ಮುಗಿಯಿತು. ಬಾಗಲೂರಿನ ನಮ್ಮ ಹೊಲಗಳನ್ನೆಲ್ಲ ಪಿ.ಜಿ. ಕಟ್ಟಡ ಮಾಡಿಸಿದವನು ಅವನು. ಹತ್ತನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಆ ಕಟ್ಟಡಗಳ ಮೋಟಾರು, ಟ್ಯಾಂಕು, ಕಟ್ಟಿಕೊಂಡ ಪೈಪು ನೋಡುವ ಕೆಲಸ, ಜೊತೆಗೆ ಅವನ ಕಾರು ಓಡಿಸುವ ಕೆಲಸ. ಅವನೆದುರು ದನಿ ಎತ್ತಿದ ದಿನವೆಲ್ಲ ನನಗೇ ನಷ್ಟವಾಗಿದೆ. ಆದರೂ ಎತ್ತುತ್ತೇನೆ.

ಹೋದ ವರ್ಷ ತುಮಕೂರಿನ ರೇಸಿಗೆ ಸೈಕಲ್ಲನ್ನು ಬಸ್ಸಿನ ಟಾಪಿಗೆ ಹಾಕಿ ಕಳಿಸಿದ್ದೆವು. ಮೇಲೆ ಈರುಳ್ಳಿ ಮೂಟೆ ಬಿದ್ದು ಹಿಂದಿನ ಗೇರು ಹಿಡಿದುಕೊಳ್ಳುವ ಕಬ್ಬಿಣ ಬಗ್ಗಿತ್ತು. ಒಂದೇ ಗೇರಿನಲ್ಲಿ ತುಳಿದು ಶಾಂತಲಾ ಎಲ್ಲರಿಗಿಂತ ಹಿಂದೆ ಬಂದಳು. ಅಳಲಿಲ್ಲ. ಮನೆಗೆ ಬಂದು ನೆಟ್ಟಗೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು, ಅಷ್ಟೆ.

ಅದಕ್ಕೇ ಈ ಸಲ ಕಾರು ಅಂತಾಯಿತು. ಅಪ್ಪನ ಷರತ್ತು, ಹೆಣ್ಣುಮಕ್ಕಳ ಜೊತೆ ಅಜ್ಜಿ ಹೋಗಬೇಕು. ನನ್ನೊಬ್ಬನನ್ನು ನಂಬಿ ಕಳಿಸುವುದಿಲ್ಲ. ಅಜ್ಜಿ ತಕ್ಷಣ ಒಪ್ಪಿದಳು.

“ಗದಗ ನೋಡಿಲ್ಲ ನಾನು. ಬತ್ತೀನಿ ನಡೀರಿ. ದಾರೀಲಿ ಮಸಾಲೆ ದೋಸೆ ಕೊಡಿಸ್ಬೇಕು ಅಷ್ಟೇಯ.”

ನಾಲ್ಕು ಜನ, ಎರಡು ಸೈಕಲ್ಲು. ಹಿಂದಿನ ಸೀಟು ಮಡಚಿದರೆ ಸೈಕಲ್ ಹಿಡಿಯುತ್ತವೆ, ಹುಡುಗಿಯರು ಹಿಡಿಯುವುದಿಲ್ಲ. ಹುಡುಗಿಯರು ಕೂತರೆ ಸೈಕಲ್ ಇಲ್ಲ. ರ‍್ಯಾಕ್ ಬೇಕೇ ಬೇಕಾಯಿತು.

ಯಲಹಂಕದಲ್ಲಿ ಮುರುಗೇಶನ ಅಂಗಡಿ ಇದೆ. ಸೀಟ್ ಕವರು, ಹಾರನ್ನು, ತಲೆ ಅಲ್ಲಾಡಿಸುವ ನಾಯಿಗೊಂಬೆ, ಎಲ್ಲ ಸಿಗುತ್ತದೆ. ನಾನು ಅಪ್ಪನ ಬಿಳಿ ಕಾರು ನಿಲ್ಲಿಸಿದೊಡನೆ ಅವನು ಗಾಜಿನ ಬಾಗಿಲು ತಳ್ಳಿಕೊಂಡು ಬಂದ.

“ಏನ್ ಮಚ್ಚಾ, ಅಪ್ಪನ್ ಕಾರಿಗೆ ಮತ್ತೆ ಸ್ಪೀಕರಾ?”

“ಸೈಕಲ್ ರ‍್ಯಾಕು. ಎರಡ್ ಸೈಕಲ್ಲಿಗೆ.”

“ಸೈಕಲ್ ತುಳಿಯಕ್ಕೆ ಕಾರಲ್ ಹೋಗ್ತೀರಾ? ಒಳ್ಳೆ ಮನೆತನ ಗುರು ನಿಮ್ದು.”

“ತೋರ್ಸು ಅಂದ್ರೆ ತೋರ್ಸು.”

ಅವನು ತೋರಿಸಿದ. ಒಂದು ಟಾಪಿನ ಮೇಲೆ ಕೂರಿಸುವಂಥದ್ದು. ಎರಡು ಅಡ್ಡ ಕಂಬಿ, ಅವುಗಳ ಮೇಲೆ ಸೈಕಲ್ ನಿಲ್ಲಲು ಗಾಲಿ ಕೂರುವಂತೆ ತೋಡಿದ ಉದ್ದನೆಯ ಚಾನೆಲ್. ಇನ್ನೊಂದು ಕಾರಿನ ಹಿಂಬಾಗಿಲಿಗೆ ಬೆಲ್ಟಿನಿಂದ ಬಿಗಿಯುವಂಥದ್ದು. ಮೂರನೆಯದಕ್ಕೆ ಕಾರಿನ ಕೆಳಗೆ ಕೊಕ್ಕೆ ಕೂರಿಸಬೇಕು. “ಅದು ನಿಂಗ್ ಬೇಡ. ಕೊಕ್ಕೆಗೆ ಪೊಲೀಸ್ರು ತಗಾದೆ ತೆಗೀತಾರೆ” ಅಂದ.

“ಟಾಪಿಂದು ಬೇಡ. ಮನೇಲಿ ಆಗಲ್ಲ.”

“ಆಗಲ್ಲ ಅಂದ್ರೆ?”

“ಆಗಲ್ಲ ಅಂದ್ರೆ ಆಗಲ್ಲ.”

ಬೆಲ್ಟಿನದನ್ನೇ ತಂದೆ. ಅಪ್ಪ ಅದನ್ನು ನೋಡಿ, ಟಾಪಿನ ಕಡೆ ಒಮ್ಮೆ ಕಣ್ಣಾಡಿಸಿ, ತಲೆಯಾಡಿಸಿ ಒಳಗೆ ಹೋದ. ಅವನ ಮಟ್ಟಿಗೆ ಅದು ಹೊಗಳಿಕೆ.

ಎರಡೂ ಸೈಕಲ್ಲನ್ನು ಹಿಂಬಾಗಿಲಿಗೆ ಬಿಗಿದು, ಹುಡುಗಿಯರನ್ನು ಕೂರಿಸಿಕೊಂಡು, ಹೇಗಿರುತ್ತೆ ನೋಡೋಣ ಅಂತ ಹೆಬ್ಬಾಳದ ತನಕ ಓಡಿಸಿದೆ. ಕನ್ನಡಿಯಲ್ಲಿ ಹಿಂದಿನ ರಸ್ತೆ ಕಾಣಲಿಲ್ಲ. ಪೆಡಲ್ಲು, ಹ್ಯಾಂಡಲ್ಲು, ಕುಬ್ರಾಳ ಸೈಕಲ್ಲಿನ ಕೆಂಪು ನೀರಿನ ಬಾಟಲು, ಇವಿಷ್ಟೇ. ಫ್ಲೈಓವರಿನ ಕೆಳಗೆ ಟ್ರಾಫಿಕ್ ಪೊಲೀಸ್ ಒಬ್ಬರು ಕೈ ಅಡ್ಡ ಹಾಕಿದರು. ಕಾರಿನ ಹಿಂದಕ್ಕೆ ಹೋಗಿ ಬಗ್ಗಿ ನೋಡಿ ವಾಪಸ್ ಕಿಟಕಿಗೆ ಬಂದರು.

“ನಂಬರ್ ಎಲ್ಲಪ್ಪ?”

“ಐತೆ ಸಾರ್. ಸೈಕಲ್ ಹಿಂದೆ.”

“ನಂಬರ್ ಇರೋದು ನಂಗ್ ಕಾಣೋಕೆ. ಸೈಕಲ್ಲಿಗಲ್ಲ. ಬ್ರೇಕ್ ಲೈಟೂ ಅರ್ಧ ಮುಚ್ಕೊಂಡೈತೆ.”

“ಚಾಕ್‌ಪೀಸಲ್ಲಿ ರಟ್ಟಿನ್ ಮೇಲೆ ಬರ್ದು ನೇತಾಕ್ತೀನಿ ಸಾರ್.”

“ಹಂಗೆಲ್ಲ ನಡ್ಯಲ್ಲ. ಇಲ್ಲೇ ಬಿಚ್ಚಿ ಒಳಗ್ ಹಾಕ್ಕೊಂಡ್ ಹೋಗಿ.” ಆಮೇಲೆ ಹಿಂದಿನ ಸೀಟಿನ ಕಡೆ ನೋಡಿ, “ಯಾರಮ್ಮ ರೇಸ್ ಮಾಡೋರು?” ಅಂದರು. ಇಬ್ಬರೂ ಕೈ ಎತ್ತಿದರು. “ಮಾಡಿ, ಮಾಡಿ. ಮೊದ್ಲು ಬಿಚ್ಚಿ.”

ಬಿಚ್ಚಿದಾಗ ನೋಡಿದರೆ ಬೆಲ್ಟಿನ ಕೊಕ್ಕೆ ಹಿಂಬಾಗಿಲಿನ ಮೇಲಂಚಿನ ಪ್ಲಾಸ್ಟಿಕ್ಕನ್ನು ಮುರಿದಿತ್ತು. ಸೈಕಲ್ಲನ್ನು ಒಳಗೆ ಹಾಕಿದೆ. ಹುಡುಗಿಯರು ಬಸ್ಸಿನಲ್ಲಿ ಹೋದರು.

ಸಂಜೆ ಅಪ್ಪ ಮುರಿದ ಅಂಚನ್ನು ಉಗುರಿನಿಂದ ಕೆರೆದು ನೋಡಿದ. ಶಾಂತಲಾ ಮೆಟ್ಟಿಲ ಮೇಲೆ ಕೂತಿದ್ದಳು. ಅಜ್ಜಿ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ನಾನು ಆ ಫ್ಯಾನ್ಸಿ ನಂಬರ್ ತಗೊಳಕ್ಕೆ ಎಷ್ಟ್ ಓಡಾಡಿದೀನಿ ಗೊತ್ತಾ?” ಅಂದ ಅಪ್ಪ. “ಅದು ಕಾಣ್ದೇ ಇದ್ರೆ ಕಾರ್ ಯಾರ್ದು ಅಂತ ಜನಕ್ ಹೆಂಗ್ ಗೊತ್ತಾಗುತ್ತೆ? ರ‍್ಯಾಕ್ ವಾಪಸ್ ಕೊಟ್ಬಿಡು. ಸಾಕು ಇದೆಲ್ಲ.”

“ಸಾಕು ಅಂದ್ರೆ? ಶುಕ್ರವಾರ ಹೋಗ್ಬೇಕು ಅವ್ಳು.”

“ಬಸ್ಸಲ್ ಕಳ್ಸು.”

“ಬಸ್ಸಲ್ ಕಳ್ಸಿ ಏನಾಯ್ತು ನೀನೇ ನೋಡಿದ್ಯಲ್ಲ. ಟಾಪಿಗ್ ಹಾಕಿದ್ರೆ ನಂಬರೂ ಕಾಣುತ್ತೆ, ಲೈಟೂ ಕಾಣುತ್ತೆ, ಬಾಗ್ಲೂ ಮುರಿಯಲ್ಲ.”

“ಲೋ ಸುನೀಲ. ಟಾಪಿನ ಮಾತ್ ಎತ್ತಬೇಡ. ಅಮ್ಮ ಕೂತವ್ಳೆ.”

“ಕೂತಿರ್ಲಿ ಬಿಡು. ಸತ್ತೋರಿಗೋಸ್ಕರ ಬದುಕಿರೋಳು ರೇಸ್ ಬಿಡ್ಬೇಕಾ? ಒಂದ್ ಅಂಬಾಸಿಡರ್ ಹೋಗಿ ಗುಜರಿ ಸೇರಿ ಅದ್ರ ಕಬ್ಬಿಣ ಯಾರ್ದೋ ಮನೆ ಗೇಟಾಗೈತೆ. ಇನ್ನೂ ಅಶುಭ, ಅಶುಭ...”

ಅಪ್ಪ ನನ್ನ ಕಡೆ ಎರಡು ಹೆಜ್ಜೆ ಬಂದ. ನಾನೂ ಜಾಗ ಬಿಡಲಿಲ್ಲ. ಶಾಂತಲಾ ಎದ್ದು ನಿಂತಳು.

“ಯಾರ್ಲಾ ಅಶುಭ ಅಂದೋರು?” ಅಂದಳು ಅಜ್ಜಿ.

ಇಬ್ಬರೂ ಅವಳ ಕಡೆ ತಿರುಗಿದೆವು. ಅವಳು ಬೀಜ ಬಿಡಿಸುವುದನ್ನು ನಿಲ್ಲಿಸಿರಲಿಲ್ಲ.

“ನೀನೇ ಅಲ್ವಾ ಅಮ್ಮ” ಅಂದ ಅಪ್ಪ.

“ನಾನ್ ಯಾವತ್ತಂದೆ? ಟಾಪಿನ್ ಮ್ಯಾಲೆ ಕಟ್ಬೇಡಿ ಅಂದೆ. ಅಶುಭ ಅಂತ ನೀನ್ ಅಂದ್ಕೊಂಡೆ. ಯಾಕವ್ವ ಅಂತ ಒಬ್ರಾನಾ ಕೇಳಿದ್ರಾ?”

ಅಜ್ಜಿ ಮೊರವನ್ನು ಪಕ್ಕಕ್ಕಿಟ್ಟಳು.

“ಆಸ್ಪತ್ರೆ ತಾವ ಕಾರಿನ್ ಮ್ಯಾಲೆ ಚಾಪೆ ಸುತ್ತಿ ಕಟ್ಟಿದ್ರಲ್ಲ ನಿಮ್ ತಾತನ್ನ, ಅವಸರದಾಗ್ ಕಟ್ಟಿದ್ರು. ನಾನು ಹಿಂದಿನ್ ಸೀಟಲ್ ಕೂತಿದ್ದೆ. ನನ್ ನೆತ್ತಿ ಮ್ಯಾಲೇಯ ಅವನ ಕಾಲು. ಹೆಬ್ಬಾಳ ದಾಟ್ತಿದ್ದಂಗೆ ಕಾಲಿನ್ ಕಡೆ ಗಂಟು ಸಡ್ಲ ಆಯ್ತು. ಆವಾಗ ರಸ್ತೆ ಎಲ್ಲಿತ್ತು, ಬರೀ ಗುಂಡಿ. ಗುಂಡಿ ಬಂದಂಗೆಲ್ಲ ತಗಡಿಗೆ ಕುಟ್ತಿತ್ತು. ಟಕ್. ಆಮ್ಯಾಕೆ ಸ್ವಲ್ಪ ಸುಮ್ಕಿದ್ದು, ಇನ್ನೊಂದ್ ಕಿತ ಟಕ್. ಮನೇಲಿ ಜಗಲಿ ಮ್ಯಾಲೆ ಮಲ್ಗಿದ್ದಾಗ ನನ್ನ ಕರೆಯೋಕೆ ಇಂಗೇ ಕಾಲಲ್ಲಿ ಗೋಡೆ ಕುಟ್ಟೋನು ಅವ್ನು.”

ಅವಳು ಕೈಗಂಟಿದ ಹುಣಸೆಯನ್ನು ಸೆರಗಿಗೆ ಒರೆಸಿಕೊಂಡಳು.

“ನಿಲ್ಸಿ, ಬಿಗಿಯಾಗ್ ಕಟ್ಟಿ ಅಂದೆ. ಹೊತ್ತು ಮುಳುಗೋದ್ರೊಳ್ಗೆ ಮಣ್ಣು ಮಾಡ್ಬೇಕು, ನಿಲ್ಸಕ್ಕಾಗಲ್ಲ ಅಂದ್ರು. ಯಲಹಂಕದಾಗೂ ಅಂದೆ. ಊರ ಬಾಗಿಲಾಗೂ ಅಂದೆ. ನಿಲ್ಲಿಸ್ನಿಲ್ಲ.”

“ಯಾರ್ ಅಂದಿದ್ದು ಹಂಗೆ?” ಅಂತ ಕೇಳಿದ್ದು ಶಾಂತಲಾ.

ಅಪ್ಪ ಕಾರಿನ ಮುರಿದ ಅಂಚನ್ನು ಇನ್ನೊಮ್ಮೆ ಮುಟ್ಟಿ ನೋಡಿದ. ತಾತ ಸತ್ತಾಗ ಅವನಿಗೆ ಈಗಿನ ನನಗಿಂತ ಕಡಿಮೆ ವಯಸ್ಸು. ಮುಂದಿನ ಸೀಟಿನಲ್ಲಿ ಡ್ರೈವರ್ ಪಕ್ಕ ಕೂತಿದ್ದವನು ಅವನೇ. ಅಷ್ಟು ನನಗೂ ಗೊತ್ತಿತ್ತು.

“ಅದ್ಕೆ ಮ್ಯಾಲೆ ಏನ್ ಕಟ್ಟಿದ್ರೂ ನನ್ಗೆ ಕುಂತ್ಕಳಕ್ಕಾಗಲ್ಲ” ಅಂದಳು ಅಜ್ಜಿ. “ಸದ್ದು ಬರ್ದಂಗೆ ಕಟ್ಟೋದು ಐತಾ ಕೇಳು ಆ ಅಂಗಡಿಯೋನ್ನ. ಇದ್ರೆ ಕಟ್ಲಿ. ನಾನೇ ಕೇಳಿ ನೋಡ್ತೀನಿ.”

ಮಾರನೆಯ ದಿನ ಅಜ್ಜಿ ಹೊಸ ಸೀರೆ ಉಟ್ಟುಕೊಂಡು ಮುರುಗೇಶನ ಅಂಗಡಿಗೆ ಬಂದಳು. ಶಾಂತಲಾ, ಕುಬ್ರಾ ಸೈಕಲ್ ತುಳಿದುಕೊಂಡೇ ಬಂದಿದ್ದರು. ಮುರುಗೇಶ ಅಜ್ಜಿಗೆ ಕುರ್ಚಿ ಹಾಕಿ, ಟೀ ತರಿಸಿ, ಟಾಪಿನ ರ‍್ಯಾಕನ್ನು ಹೊಗಳಲು ಶುರು ಮಾಡಿದ.

“ನೂರ್ ಸ್ಪೀಡಲ್ ಹೋದ್ರೂ ಅಲ್ಲಾಡಲ್ಲ ಅಜ್ಜಿ. ನನ್ ಗ್ಯಾರಂಟಿ.”

“ಸ್ಪೀಡ್ ಕೇಳ್ನಿಲ್ಲಪ್ಪ ನಾನು. ಸದ್ದು ಬತ್ತದಾ?”

“ಸದ್ದಾ?” ಅವನು ನನ್ನ ಮುಖ ನೋಡಿದ. “ಅದನ್ ಯಾರೂ ಕೇಳಿಲ್ಲ ಅಜ್ಜಿ ಇವತ್ತಿನ್ ತನ್ಕ. ಜನ ಕಲರ್ ಕೇಳ್ತಾರೆ.”

ಟಾಪಿಗೆ ಅಡ್ಡ ಕಂಬಿ ಕೂರಿಸಿದ. ಅವುಗಳ ಮೇಲೆ ಸೈಕಲ್ ಹಿಡಿಸುವುದರಲ್ಲಿ ಎರಡು ಬಗೆ ಇತ್ತು. ಮೊದಲನೆಯದು ಎರಡೂ ಗಾಲಿ ಇಟ್ಟುಕೊಂಡೇ ನಿಲ್ಲಿಸುವುದು. ಇಕ್ಕಳದಂಥ ಒಂದು ಕೈ ಬಂದು ಸೈಕಲ್ಲಿನ ಕೆಳಗಿನ ಪೈಪನ್ನು ಕಚ್ಚಿಕೊಳ್ಳುತ್ತದೆ. ಕುಬ್ರಾ ಅದನ್ನು ಬೆರಳಿನಿಂದ ಒತ್ತಿ ನೋಡಿ ಮುಖ ಗಂಟು ಹಾಕಿದಳು.

“ಅಣ್ಣ, ನಂದು ಕಾರ್ಬನ್ ಫ್ರೇಮು, ಕಬ್ಬಿಣ ಅಲ್ಲ. ಇದು ಹಿಂಗ್ ಹಿಡ್ಕೊಂಡ್ರೆ ಬಿರುಕು ಬಿಡುತ್ತೆ. ನಮ್ ಅಬ್ಬಾಗ್ ಗೊತ್ತಾದ್ರೆ ನನ್ನನ್ನೇ ಮೇಲ್ ಕಟ್ಟಿ ಕಳಿಸ್ತಾರೆ.”

“ನಿನ್ ಸೈಕಲ್ ಸದ್ಯಕ್ಕೆ ಬೇಡ. ಶಾಂತಲಾಂದು ಹಾಕಿ ನೋಡೋಣ.”

ಅಜ್ಜಿ ಮುಂದಿನ ಸೀಟಿನಲ್ಲಿ ಕೂತಳು. ಕಿಟಕಿ ಏರಿಸು ಅಂದಳು, ಎ.ಸಿ. ಆರಿಸು ಅಂದಳು, ಹಿಂದೆ ಕೂತ ಹುಡುಗಿಯರಿಗೆ ಉಸಿರು ಬಿಡಬೇಡಿ ಅನ್ನುವುದೊಂದು ಬಾಕಿ. ಯಲಹಂಕ ಹಳೇ ಪೇಟೆಯ ಕಡೆ ತಿರುಗಿಸಿದೆ. ಅಲ್ಲಿ ಮನೆಗೊಂದು ರೋಡ್ ಹಂಪು ಇದೆ. ಮೊದಲನೆಯ ಹಂಪು ದಾಟಿದೆ.

“ಬಂತು” ಅಂದಳು.

“ಏನೂ ಬರ್ಲಿಲ್ಲ ಅಜ್ಜಿ.”

“ಬಂತು ಕಣ್ಲಾ. ಇನ್ನೊಂದ್ ಕಿತ ಓಡ್ಸು.”

ಎರಡನೆಯ ಹಂಪಿಗೆ ನಾನೂ ಕಿವಿ ಕೊಟ್ಟೆ. ಕಟ್ ಅನ್ನುವ ಸಣ್ಣ ಸದ್ದು, ಬೆರಳು ಮುರಿದಂತೆ. ನನ್ನ ತಲೆಯ ಮೇಲಲ್ಲ, ಅವಳ ತಲೆಯ ಮೇಲೆ. ಇಳಿದು ನೋಡಿದರೆ ಮುಂದಿನ ಗಾಲಿ ಚಾನೆಲ್ಲಿನೊಳಗೆ ಎಗರಿ ಕೂರುತ್ತಿತ್ತು. ಬೆಲ್ಟು ಬಿಗಿ ಮಾಡಿದೆ. ಮತ್ತೆ ಬಂತು. ಬಟ್ಟೆ ತುರುಕಿದೆ. ಮತ್ತೆ ಬಂತು. ಅಜ್ಜಿ ಎರಡೂ ಕೈಯಲ್ಲಿ ಸೀಟಿನ ಅಂಚು ಹಿಡಿದಿದ್ದಳು. ನಾನು ಕಾರನ್ನು ಅಂಗಡಿಗೆ ತಿರುಗಿಸಿದೆ.

ಎರಡನೆಯ ಬಗೆಯಲ್ಲಿ ಮುಂದಿನ ಗಾಲಿಯನ್ನೇ ಬಿಚ್ಚಬೇಕು. ಗಾಲಿ ಕೂರುವ ಕವಲಿನ ಎರಡು ಕಾಲನ್ನು ನೇರವಾಗಿ ರ‍್ಯಾಕಿಗೆ ಕಚ್ಚಿಸಿ ತಿರುಪಿದರೆ ಸೈಕಲ್ಲು ಕಾರಿಗೇ ಹುಟ್ಟಿದಂತೆ ನಿಲ್ಲುತ್ತದೆ. ಪೈಪಿಗೆ ಏನೂ ಸೋಕುವುದಿಲ್ಲ. ಕುಬ್ರಾ ಈ ಸಲ ತನ್ನದನ್ನೂ ಹಾಕಲು ಬಿಟ್ಟಳು. ಬಿಚ್ಚಿದ ಗಾಲಿಗಳನ್ನು ಡಿಕ್ಕಿಯಲ್ಲಿ ಇಟ್ಟೆವು. ಅದೇ ಬೀದಿ, ಅದೇ ಹಂಪುಗಳು. ಅಜ್ಜಿ ಕಣ್ಣು ಮುಚ್ಚಿ ಕೂತಿದ್ದಳು. ಮುರುಗೇಶನೂ ಹಿಂದೆ ಹುಡುಗಿಯರ ಪಕ್ಕ ತುರುಕಿಕೊಂಡು ಕೂತಿದ್ದ. ಒಂದೊಂದು ಹಂಪಿಗೂ ಅವನೇ ಮೆಲ್ಲಗೆ “ಮುರುಗಾ” ಅನ್ನುತ್ತಿದ್ದ.

“ನೀನ್ ಸುಮ್ಕಿರಪ್ಪ” ಅಂದಳು ಅಜ್ಜಿ. “ಕೇಳುಸ್ತಿಲ್ಲ.”

ಬೀದಿ ಮುಗಿಯಿತು. ತಿರುಗಿಸಿಕೊಂಡು ಬಂದೆವು. ಮತ್ತೆ ಬೀದಿ ಮುಗಿಯಿತು.

“ಇದು ಸುಮ್ಕೈತೆ” ಅಂದಳು. “ಇದೇ ಇರ್ಲಿ.”

ಶುಕ್ರವಾರ ಬೆಳಗಿನ ಜಾವವೇ ಹೊರಡಬೇಕು ಅಂತ ಶಾಂತಲಾ ಹಟ ಹಿಡಿದಿದ್ದಳು. ಗದಗದಲ್ಲಿ ಸಂಜೆ ಐದರೊಳಗೆ ಹೋಗಿ ಸೈಕಲ್ ತೋರಿಸಿ ಬೆನ್ನಿಗೆ ಹಚ್ಚುವ ನಂಬರ್ ತೆಗೆದುಕೊಳ್ಳಬೇಕು. ತಡವಾದವರನ್ನು ಮರುದಿನ ಸ್ಟಾರ್ಟ್ ಲೈನಿಗೆ ಬಿಡುವುದಿಲ್ಲ. ಆದರೆ ಅಪ್ಪ ಪೂಜೆಯಾಗದೆ ಕಾರು ಬಿಡಲಿಲ್ಲ. ಕುಂಕುಮ, ನಿಂಬೆಹಣ್ಣು, ಊದುಬತ್ತಿ. ಕೊನೆಗೆ ಅವನು ಒಂದು ಸೇವಂತಿಗೆ ಹಿಡಿದುಕೊಂಡು ಟಾಪಿನ ಸೈಕಲ್ಲುಗಳನ್ನು ನೋಡುತ್ತ ನಿಂತ. ಇಡಲಿಲ್ಲ. ಅದನ್ನು ಶಾಂತಲಾಳ ಕೈಗೆ ಕೊಟ್ಟು ಒಳಗೆ ಹೋದ. ಹೊರಟಾಗ ಎಂಟು ದಾಟಿತ್ತು.

ದಾಸರಹಳ್ಳಿಯ ತನಕ ಲಾರಿಗಳ ನಡುವೆ ತೆವಳಿದೆವು. ನೆಲಮಂಗಲ ದಾಟಿ ರಸ್ತೆ ಬಿಚ್ಚಿಕೊಂಡ ಮೇಲೆ ನಾನು ಕಾಲು ಒತ್ತಿದೆ. ಟಾಪಿನಿಂದ ಸುಯ್ ಅನ್ನುವ ಶಬ್ದ ಎದ್ದಿತು.

“ನಿಲ್ಸು” ಅಂದಳು ಅಜ್ಜಿ.

“ಅದು ಗಾಳಿ ಅಜ್ಜಿ. ಕಂಬಿಗೆ ಗಾಳಿ ಹೊಡ್ಯೋದು.”

“ನಿಲ್ಸು ಅಂದ್ನಲ್ಲ.”

ನಿಲ್ಲಿಸಿದೆ. ಕುಬ್ರಾಳ ಚೀಲದಲ್ಲಿ ಹಳೇ ಟ್ಯೂಬಿತ್ತು. ಅದನ್ನು ಉದ್ದಕ್ಕೆ ಸೀಳಿ ಕಂಬಿಗೆ ಬಳ್ಳಿಯ ಹಾಗೆ ಸುತ್ತಿದೆ. ಸುಯ್ ನಿಂತಿತು. ನನಗೂ ಖುಷಿಯಾಯಿತು.

ತುಮಕೂರು ದಾಟಿದ ಮೇಲೆ ಮತ್ತೆ, “ನಿಲ್ಸು.” ಇಳಿದೆ, ಎಲ್ಲ ತಿರುಪನ್ನೂ ಹಿಡಿದು ನೋಡಿದೆ, ಏನೂ ಇರಲಿಲ್ಲ. ಹತ್ತಿದೆ. ಸ್ವಲ್ಪ ಮುಂದೆ ಮತ್ತೆ, “ನಿಲ್ಸು.” ಏನೂ ಇರಲಿಲ್ಲ. ಶಿರಾದ ಹತ್ತಿರ ಮತ್ತೆ. ಲಾರಿಗಳು ಪಕ್ಕದಲ್ಲಿ ಹಾದುಹೋಗುವಾಗ ಇಡೀ ಕಾರು ನಡುಗುತ್ತಿತ್ತು, ಸೈಕಲ್ಲು ಮಾತ್ರ ನಡುಗುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಶಾಂತಲಾ ಫೋನಿನಲ್ಲಿ ದಾರಿ ನೋಡುತ್ತಿದ್ದಳು. ಎಷ್ಟಕ್ಕೆ ತಲುಪುತ್ತೇವೆ ಅಂತ ಅದು ಹೇಳುತ್ತಿದ್ದುದನ್ನು ನನಗೆ ಹೇಳಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ನೋಡಿದೆ. ತುಮಕೂರಿನ ರೇಸ್ ಮುಗಿಸಿ ಬಂದಾಗಿನ ಮುಖ. ಮೇಲೆ ಏನೂ ಇಲ್ಲ, ಎಲ್ಲ ನಿನ್ನ ತಲೆಯೊಳಗಿನ ಸದ್ದು ಅಂತ ಹೇಳುವುದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪನ ಫೋನ್ ಬಂತು. ಕಾರಿನ ಸ್ಪೀಕರಿಗೆ ಹೋಗದಂತೆ ಕೆಳಗಿಳಿದು ಕಿವಿಗೆ ಹಿಡಿದೆ.

“ಎಲ್ಲಿದೀರಾ?”

“ಶಿರಾ.”

“ಇನ್ನೂ ಶಿರಾನಾ? ಏನ್ ಕತ್ತೆ ಕಾಯ್ತಿದೀಯಾ?”

“ಅಜ್ಜಿ ನಿಲ್ಸು ಅಂತಾಳೆ. ನಿಲ್ಲಿಸ್ತಿದೀನಿ.”

ಆ ಕಡೆಯಿಂದ ಪಿ.ಜಿ. ಒಂದರ ನೀರಿನ ಮೋಟಾರು ಓಡುತ್ತಿದ್ದ ಸದ್ದು ಕೇಳಿಸಿತು. ಅದರ ಬೇರಿಂಗ್ ಹೋಗಿದೆ ಅಂತ ನಾನೇ ಹೇಳಿದ್ದೆ.

“ಏನಾದ್ರೂ ಸಡ್ಲ ಆಗಿತ್ತಾ?” ಅಂದ.

“ಇಲ್ಲ. ಸುಮ್ನೆ ನಿಲ್ಸು ಅಂತಾಳೆ. ಹಿಂಗಾದ್ರೆ ಐದಕ್ಕೆ ಮುಟ್ಟಲ್ಲ. ನೀನೇ ಹೇಳು ಅವ್ಳಿಗೆ.”

ಮೋಟಾರು ಇನ್ನೂ ಓಡುತ್ತಿತ್ತು.

“ಬೇಡ” ಅಂದ ಅಪ್ಪ. “ನಿಲ್ಸು. ಅಂದಾಗೆಲ್ಲ ನಿಲ್ಸು.” ಫೋನ್ ಇಟ್ಟ.

ವಾಪಸ್ ಕಾರಿನ ಹತ್ತಿರ ಬಂದಾಗ ಶಾಂತಲಾ ಅಜ್ಜಿಯ ಬಾಗಿಲು ತೆರೆದುಕೊಂಡು ನಿಂತಿದ್ದಳು.

“ಅಜ್ಜಿ, ಅವ್ನು ನೋಡಿದ್ದು ಸಾಕು. ನೀನೇ ಅಲ್ಲಾಡ್ಸಿ ನೋಡು, ಬಾ.”

“ನನ್ಗೆ ಎಟುಕ್ತದೇನೇ?”

“ನಾವ್ ಹಿಡ್ಕೊತೀವಿ.”

ಹೆದ್ದಾರಿಯ ಪಕ್ಕ ಅಜ್ಜಿ ಚಪ್ಪಲಿ ಬಿಟ್ಟು ಕಾರಿನ ಬಾಗಿಲ ಹೊಸ್ತಿಲ ಮೇಲೆ ಹತ್ತಿದಳು. ಒಂದು ಕಡೆಯಿಂದ ಶಾಂತಲಾ, ಇನ್ನೊಂದು ಕಡೆಯಿಂದ ಕುಬ್ರಾ ಅವಳ ಸೊಂಟ ಹಿಡಿದರು. ಅಜ್ಜಿ ಕೈ ಚಾಚಿ ಮೊದಲು ಶಾಂತಲಾಳ ಸೈಕಲ್ಲಿನ ಕವಲನ್ನು ಹಿಡಿದು ಜಗ್ಗಿದಳು. ಆಮೇಲೆ ಹಿಂದಿನ ಗಾಲಿಯ ಬೆಲ್ಟಿನ ಕಡೆ ಬೆರಳು ತೋರಿಸಿದಳು. ಹುಡುಗಿಯರು ಅವಳನ್ನು ಇಳಿಸಿ, ಹಿಂದಿನ ಬಾಗಿಲು ತೆಗೆದು, ಅಲ್ಲಿ ಹತ್ತಿಸಿದರು. ಅಲ್ಲೂ ಜಗ್ಗಿದಳು. ಗಂಟಿನ ಸುತ್ತ ಬೆರಳಾಡಿಸಿದಳು. ಒಂದು ಲಾರಿಯವನು ಹಾರನ್ ಬಾರಿಸಿಕೊಂಡು ಹೋದ. ಅವಳು ತಿರುಗಿ ನೋಡಲಿಲ್ಲ.

“ಕಾಲಿನ್ ಕಡೆನೂ ಬಿಗಿಯಾಗೈತೆ” ಅಂದಳು.

“ಬಿಗಿಯಾಗೈತೆ ಅಜ್ಜಿ” ಅಂದಳು ಕುಬ್ರಾ.

“ಇಳಿಸ್ರೇ.”

ಇಳಿದು ಚಪ್ಪಲಿ ಮೆಟ್ಟಿಕೊಂಡು ಮುಂದಿನ ಸೀಟಿನಲ್ಲಿ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು. “ನಡಿ” ಅಂದಳು.

ಹಿರಿಯೂರಿನ ಹತ್ತಿರ ನಾನೇ ಅವಳ ಕಡೆ ನೋಡಿದೆ. ಅವಳು ನಿಲ್ಸು ಅನ್ನಲಿಲ್ಲ. ಚಿತ್ರದುರ್ಗದಲ್ಲಿ ದೋಸೆಯನ್ನು ಕಟ್ಟಿಸಿಕೊಂಡು ಕಾರಿನಲ್ಲೇ ತಿಂದೆವು. ಚಟ್ನಿ ಖಾರ ಸಾಲದು ಅಂದಳು. ಹೊಸಪೇಟೆಯ ರಸ್ತೆಗೆ ತಿರುಗಿದ ಮೇಲೆ ಅವಳ ತಲೆ ಕಿಟಕಿಗೆ ಒರಗಿತು, ಬಾಯಿ ತೆರೆದುಕೊಂಡಿತು. ನಿದ್ದೆ. ಶಾಂತಲಾ ಮುಂದಕ್ಕೆ ಬಗ್ಗಿ ನೋಡಿ ನನ್ನ ಭುಜ ತಟ್ಟಿದಳು. ನಾನು ಕಾಲು ಒತ್ತಿದೆ. ಹಂಪು ಕಂಡಾಗ ಮಾತ್ರ ಬಿಟ್ಟೆ, ಹಾಲು ತುಂಬಿದ ಪಾತ್ರೆ ಹೊತ್ತವನ ಹಾಗೆ ದಾಟಿಸಿದೆ. ಕೊಪ್ಪಳದ ಆಚೆ ರಸ್ತೆ ಕಿತ್ತುಹಾಕಿದ್ದ ಕಡೆ ಗುಂಡಿಗಳಿದ್ದವು. ಒಂದೊಂದು ಗುಂಡಿಗೂ ಕಾರಿನೊಳಗೆ ಮೂವರೂ ಉಸಿರು ಹಿಡಿದು ಮೇಲೆ ಕಿವಿ ಕೊಟ್ಟೆವು.

ಗದಗದ ಮೈದಾನಕ್ಕೆ ಬಂದಾಗ ಶಾಮಿಯಾನದ ಕೆಳಗೆ ಟೇಬಲ್ಲಿನ ಬಟ್ಟೆ ಎಳೆದು ಮಡಚುತ್ತಿದ್ದರು. ಶಾಂತಲಾ ಕಾರು ನಿಲ್ಲುವ ಮೊದಲೇ ಬಾಗಿಲು ತೆಗೆದು ಓಡಿದಳು, ಹಿಂದೆ ಕುಬ್ರಾ. ದೂರದಿಂದ ಅವರ ಕೈಬಾಯಿ ಆಡುವುದು ಕಾಣುತ್ತಿತ್ತು. ಟೊಪ್ಪಿ ಹಾಕಿದ್ದ ಒಬ್ಬರು ಗಡಿಯಾರ ನೋಡಿದರು, ಹುಡುಗಿಯರನ್ನು ನೋಡಿದರು, ನಮ್ಮ ಕಾರಿನ ಟಾಪನ್ನು ನೋಡಿದರು. ಆಮೇಲೆ ಮಡಚಿದ ಬಟ್ಟೆಯನ್ನು ಟೇಬಲ್ಲಿನ ಮೇಲೆ ಇಟ್ಟು, ಕೆಳಗಿನಿಂದ ನಂಬರಿನ ಡಬ್ಬ ಎತ್ತಿಕೊಂಡರು. ಕುಬ್ರಾ ನನ್ನ ಕಡೆ ತಿರುಗಿ ಎರಡೂ ಕೈ ಬೀಸಿದಳು. ಸೈಕಲ್ ತರಬೇಕಿತ್ತು, ಬೇಗ.

ಅಜ್ಜಿಗೆ ಎಚ್ಚರವಾಯಿತು.

“ಬಂದ್ವಾ?”

“ಬಂದ್ವಿ.”

“ಸದ್ದೇ ಬರ್ನಿಲ್ಲ.”

“ಇಲ್ಲ.”

ಕೆಳಗಿಳಿದು ನಾನು ಶಾಂತಲಾಳ ಸೈಕಲ್ಲಿನ ಹಿಂದಿನ ಬೆಲ್ಟಿಗೆ ಕೈ ಹಾಕಿದೆ. ಅಜ್ಜಿಯೂ ಇಳಿದಳು. ಕಾರಿನ ಪಕ್ಕ ಬಂದು ನಿಂತು ತಲೆಯೆತ್ತಿ ನೋಡಿದಳು.

“ನಿಧಾನ ಕಣ್ಲಾ” ಅಂದಳು. “ತಲೆ ಕಡೆ ಮೊದ್ಲು ಇಡ್ಕೋ.”

ಬೆಲ್ಟು ಬಿಟ್ಟು ಮುಂದಕ್ಕೆ ಬಂದೆ. ತಲೆಯ ಕಡೆ ಹಿಡಿದುಕೊಂಡೆ. ಅವಳು ಎರಡೂ ಕೈ ಎತ್ತಿ ನಿಂತಿದ್ದಳು. ಅವಳ ಕೈಗೆ ಎಟುಕುವ ತನಕ ಇಳಿಸಿದ ಮೇಲೆಯೇ ನಾನು ಸೈಕಲ್ಲನ್ನು ನೆಲಕ್ಕಿಟ್ಟೆ.